ಪುಟ್ಟ ಸಾಧನಕ್ಕೆ ಎಷ್ಟು ದೊಡ್ಡ ಕಾರ್ಯಾಚರಣ ವ್ಯವಸ್ಥೆ ಬೇಕು?

ಕೆಲವು ವರ್ಷಗಳ ಹಿಂದೆ ನಮ್ಮ ಭೌತವಿಜ್ಞಾನ ವಿಭಾಗದ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಜೆಕ್ಟ್ ಕೆಲಸಕ್ಕಾಗಿ ಒಂದು ಸ್ವಯಂಚಾಲಿತ ಮಳೆಮಾಪಕವನ್ನು ತಯಾರಿಸಿದರು. ಮಲೆನಾಡಿನ ಅಡಿಕೆ ತೋಟವೊಂದರ ಅಂಚಿನಲ್ಲಿ ಅದನ್ನು ನಿಲ್ಲಿಸಿದೆವು. ಪಕ್ಕದಲ್ಲೇ ತೋಟದ ಯಜಮಾನರು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆ ನೋಡಿ ಬರೆದಿಡುತ್ತಿದ್ದ ಸಾದಾ ಮಳೆಮಾಪಕವಿತ್ತು. ಜೂನ್ ಮೊದಲ ವಾರದ ತುಂತುರು ಮಳೆಯಲ್ಲಿ ಎರಡೂ ಮಾಪಕಗಳು ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿಸಿದವು. ಎಲ್ಲರಿಗೂ ಸಂತೋಷವಾಯಿತು. ಆದರೆ ಜುಲೈಯಲ್ಲಿ ಮಳೆ ಬಿರುಸಾದಂತೆ ನಮ್ಮ ಮಾಪಕ ಹಿಂದೆ ಬೀಳತೊಡಗಿತು. ಮಳೆ ಜೋರಾದಷ್ಟೂ ಅಂತರ ಹೆಚ್ಚು! ಜೊತೆಗೆ, ನಿಯಂತ್ರಕದ ಬ್ಯಾಟರಿಯನ್ನು ವಾರ ವಾರವೂ ಬದಲಾಯಿಸಬೇಕಾಗುತ್ತಿತ್ತು.

“ಸಾರ್, ಈ ಚಿಪ್ ಸಾಲದು. ಲಿನಕ್ಸ್ ಓಡುವ ದೊಡ್ಡ ಬೋರ್ಡ್ ಹಾಕೋಣ” ಎಂದರು ವಿದ್ಯಾರ್ಥಿಗಳು. ಒಂದು ಗಳಿಗೆ ನನಗೂ ಅದು ಸರಿಯೆನಿಸಿತು. ಆದರೆ ಕಾರಣ ತಿಳಿಯದೆ ಉಪಕರಣ ಬದಲಿಸುವುದು ಪ್ರಯೋಗಾಲಯದ ಒಳ್ಳೆಯ ಅಭ್ಯಾಸವಲ್ಲ. ಕಾರಣವನ್ನು ಹುಡುಕುತ್ತಾ ಹೋದಾಗ ಕಂಡುಕೊಂಡ ಸಂಗತಿಗಳೇ ಈ ಲೇಖನದ ವಸ್ತು.

ಇದು ಕೇವಲ ಪ್ರಾಜೆಕ್ಟ್ ಅಂಕಗಳ ಪ್ರಶ್ನೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನಿಗೆ ಪರಿಹಾರ ಸಿಗುತ್ತದೆಯೇ ಇಲ್ಲವೇ ಎಂಬುದು ಮಳೆಯಂಥ ಹವಾಮಾನದ ಅಳತೆಗಳನ್ನು ಅವಲಂಬಿಸಿರುತ್ತದೆ. ಅಂದ ಮೇಲೆ ಇಂಥ ಸಾಧನ ತಪ್ಪು ಲೆಕ್ಕ ಕೊಟ್ಟರೆ ಅದರ ಫಲ ಯಾರದೋ ಮನೆಯ ಮೇಲೆ ಬೀಳುತ್ತದೆ. ಸುರಿದು ಹೋದ ಮಳೆಯನ್ನು ಎರಡನೆಯ ಸಲ ಅಳೆಯಲು ಬರುವುದಿಲ್ಲ.

ಎರಡು ಕಿಲೋಬೈಟಿನ ಜಗತ್ತು

ನಮ್ಮ ಮಾಪಕದಲ್ಲಿದ್ದುದು ಎಟಿಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್. ಆರ್ಡುಯಿನೋ ಯೂನೋ ಬೋರ್ಡನ್ನು ನೀವು ಬಳಸಿದ್ದರೆ ಇದು ಪರಿಚಿತವೇ. ಇದರಲ್ಲಿ ಪ್ರೋಗ್ರಾಮ್ ಇಡಲು 32 ಕಿಲೋಬೈಟ್ ಫ್ಲ್ಯಾಶ್ ಸ್ಮೃತಿ ಇದೆ. ಲೆಕ್ಕ ನಡೆಯುವಾಗ ಬಳಕೆಯಾಗುವ ರ‍್ಯಾಮ್ ಸ್ಮೃತಿ 2 ಕಿಲೋಬೈಟ್, ಅಂದರೆ 2048 ಬೈಟ್ ಮಾತ್ರ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಈ ಪತ್ರಿಕೆಯ ಒಂದು ಪುಟದ ಪಠ್ಯವೂ ಆ ಸ್ಮೃತಿಯಲ್ಲಿ ಹಿಡಿಸುವುದಿಲ್ಲ. 4 ಗಿಗಾಬೈಟ್ ರ‍್ಯಾಮ್ ಇರುವ ಮೊಬೈಲ್ ಫೋನು ಇದಕ್ಕಿಂತ ಸುಮಾರು 21 ಲಕ್ಷ ಪಟ್ಟು ದೊಡ್ಡದು!

ಇಷ್ಟು ಕಿರಿದಾದ ಜಾಗದಲ್ಲಿ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ಗೆ, ಏನು ಕೆಲಸ? ನಮ್ಮ ಹಳ್ಳಿಗಳ ಏಕೋಪಾಧ್ಯಾಯ ಶಾಲೆಯನ್ನು ನೆನಪಿಸಿಕೊಳ್ಳಿ. ಮೇಷ್ಟ್ರು ಒಬ್ಬರೇ, ತರಗತಿಗಳು ನಾಲ್ಕು. ಒಂದನೆಯ ತರಗತಿಗೆ ಕಾಪಿ ಬರೆಯಲು ಹೇಳಿ ಮೂರನೆಯವರಿಗೆ ಮಗ್ಗಿ ಒಪ್ಪಿಸಲು ಹೇಳುತ್ತಾರೆ. ಅಷ್ಟರಲ್ಲಿ ನಾಲ್ಕನೆಯವರ ಲೆಕ್ಕ ನೋಡುತ್ತಾರೆ. ಬಾಗಿಲಲ್ಲಿ ಯಾರಾದರೂ ಕರೆದರೆ ಅದಕ್ಕೂ ಓಗೊಡುತ್ತಾರೆ. ಮೈಕ್ರೋಕಂಟ್ರೋಲರಿನಲ್ಲೂ ಸಾಮಾನ್ಯವಾಗಿ ಸಂಸ್ಕಾರಕ ಒಂದೇ, ಕೆಲಸಗಳು ಹಲವು. ಯಾವಾಗ ಯಾವ ಕೆಲಸ ಮಾಡಬೇಕು, ಒಂದನ್ನು ನಡುವೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದೇ, ಬಿಟ್ಟದ್ದನ್ನು ಎಲ್ಲಿಂದ ಮುಂದುವರಿಸಬೇಕು ಎಂಬುದನ್ನು ನಿರ್ಧರಿಸುವ ಪ್ರೋಗ್ರಾಮೇ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಪರದೆ, ಕಿಟಕಿ, ಕಡತ ಇವೆಲ್ಲ ನಂತರ ಸೇರಿಕೊಂಡ ಅಲಂಕಾರಗಳು.

ಮಳೆ ಎಲ್ಲಿ ಹೋಯಿತು?

ಮಾಪಕದ ರಚನೆ ಸರಳ. ಆಲಿಕೆಯ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ಬೋಗುಣಿಗಳಿವೆ. ಒಂದು ತುಂಬಿದೊಡನೆ ಮಗುಚಿಕೊಂಡು ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಮಗುಚುವಿಕೆ ಎಂದರೆ 0.2 ಮಿಲಿಮೀಟರ್ ಮಳೆ. ಆಗ ಬೋಗುಣಿಗೆ ಅಂಟಿಸಿದ ಆಯಸ್ಕಾಂತವು ಒಂದು ಸ್ವಿಚ್ಚನ್ನು ಕ್ಷಣಕಾಲ ಮುಚ್ಚುತ್ತದೆ. ನಿಯಂತ್ರಕ ಅದನ್ನು ಎಣಿಸಬೇಕು.

ವಿದ್ಯಾರ್ಥಿಗಳು ಬರೆದಿದ್ದ ಪ್ರೋಗ್ರಾಮ್ ಹೀಗಿತ್ತು: ಸ್ವಿಚ್ ಮುಚ್ಚಿದೆಯೇ ನೋಡು, ಮುಚ್ಚಿದ್ದರೆ ಒಂದು ಕೂಡಿಸು, ಮೋಡೆಮ್ ಮೂಲಕ ಮೊಬೈಲಿಗೆ ಸಂದೇಶ ಕಳಿಸು, ಮತ್ತೆ ಮೊದಲಿಗೆ ಹೋಗು. ಮೇಲುನೋಟಕ್ಕೆ ತಪ್ಪೇನೂ ಇಲ್ಲ. ಆದರೆ ಸಿಗ್ನಲ್ ದುರ್ಬಲವಾದ ಆ ಜಾಗದಲ್ಲಿ ಒಂದು ಸಂದೇಶ ಹೋಗಲು ಸುಮಾರು 15 ಸೆಕೆಂಡು ಬೇಕಾಗುತ್ತಿತ್ತು. ಅಷ್ಟೂ ಹೊತ್ತು ಪ್ರೋಗ್ರಾಮ್ ಮೋಡೆಮ್ಮಿನ ಉತ್ತರಕ್ಕೆ ಕಾಯುತ್ತ ಕೂತಿರುತ್ತಿತ್ತು. ಆ ನಡುವೆ ಬೋಗುಣಿ ಮಗುಚಿದರೆ ನೋಡುವವರಿಲ್ಲ.

ಈಗ ಲೆಕ್ಕ ಹಾಕಿ. ಗಂಟೆಗೆ 5 ಮಿಲಿಮೀಟರ್ ದರದ ಮಳೆಯಲ್ಲಿ ಬೋಗುಣಿ ಗಂಟೆಗೆ 25 ಬಾರಿ, ಅಂದರೆ 144 ಸೆಕೆಂಡಿಗೊಮ್ಮೆ ಮಗುಚುತ್ತದೆ. 15 ಸೆಕೆಂಡಿನಲ್ಲಿ ಸಂದೇಶ ಹೋಗಿ ಮುಗಿದಿರುತ್ತದೆ. ಒಂದೂ ತಪ್ಪುವುದಿಲ್ಲ. ಗಂಟೆಗೆ 100 ಮಿಲಿಮೀಟರ್ ದರದಲ್ಲಿ ಸುರಿಯುವ ಬಿರುಮಳೆಯಲ್ಲಿ? ಗಂಟೆಗೆ 500 ಬಾರಿ, ಅಂದರೆ 7.2 ಸೆಕೆಂಡಿಗೊಮ್ಮೆ. ಮೊದಲನೆಯದನ್ನು ಎಣಿಸಿ ಸಂದೇಶ ಕಳಿಸುವಷ್ಟರಲ್ಲಿ 7.2 ಮತ್ತು 14.4ನೆಯ ಸೆಕೆಂಡಿನವು ತಪ್ಪಿಹೋಗುತ್ತವೆ, 21.6ನೆಯ ಸೆಕೆಂಡಿನದು ಎಣಿಕೆಗೆ ಸಿಗುತ್ತದೆ. ಮೂರರಲ್ಲಿ ಒಂದಕ್ಕೆ ಮಾತ್ರ ಲೆಕ್ಕ! ಗಂಟೆಗೆ 48 ಮಿಲಿಮೀಟರ್ ದಾಟಿದ ಯಾವುದೇ ಮಳೆಯಲ್ಲಿ ನಷ್ಟ ಶುರುವಾಗುತ್ತದೆ. ನಿಜವಾದ ಮಳೆ ಒಂದೇ ಸಮನೆ ಸುರಿಯುವುದಿಲ್ಲವಾದ್ದರಿಂದ ಇದು ಅಂದಾಜು ಲೆಕ್ಕ. ಆದರೂ ನಾವು ಕಂಡದ್ದನ್ನು ಇದು ಚೆನ್ನಾಗಿ ವಿವರಿಸುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಗೈಗರ್ ಕೌಂಟರ್ ಒಂದು ಕಣವನ್ನು ಎಣಿಸಿದ ನಂತರ ಅಲ್ಪಕಾಲ ಕುರುಡಾಗಿರುತ್ತದೆ. ಇದನ್ನು ನಿಷ್ಕ್ರಿಯ ಕಾಲ ಎನ್ನುತ್ತೇವೆ. ನಮ್ಮ ಮಳೆಮಾಪಕಕ್ಕೆ 15 ಸೆಕೆಂಡುಗಳ ನಿಷ್ಕ್ರಿಯ ಕಾಲವಿತ್ತು. ಗಮನಿಸಿ, ಇದು ಚಿಪ್ಪಿನ ದೋಷವಲ್ಲ. ಇದೇ ಪ್ರೋಗ್ರಾಮನ್ನು ಲಿನಕ್ಸ್ ಬೋರ್ಡಿನ ಮೇಲೆ ಓಡಿಸಿದ್ದರೂ ಅಷ್ಟೇ ಮಳೆ ತಪ್ಪಿಹೋಗುತ್ತಿತ್ತು.

ಕರೆಗಂಟೆಯ ಉಪಾಯ

ಪರಿಹಾರ ಚಿಪ್ಪಿನೊಳಗೇ ಇತ್ತು. ಸ್ವಿಚ್ಚಿನ ತಂತಿಯನ್ನು ಇಂಟರಪ್ಟ್ ಎಂಬ ಸೌಲಭ್ಯವಿರುವ ಕಾಲಿಗೆ ಜೋಡಿಸಬೇಕು. ಆ ಕಾಲಿನ ಮೇಲೆ ವೋಲ್ಟೇಜ್ ಬದಲಾದೊಡನೆ ಸಂಸ್ಕಾರಕವು ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲಿಗೇ ನಿಲ್ಲಿಸಿ, ಎಣಿಕೆಗೆ ಒಂದು ಕೂಡಿಸಿ, ಮತ್ತೆ ಹಿಂದಿನ ಕೆಲಸಕ್ಕೆ ಮರಳುತ್ತದೆ. ಇದಕ್ಕೆ ಕೆಲವೇ ಮೈಕ್ರೋಸೆಕೆಂಡುಗಳು ಸಾಕು. ಮುಖ್ಯ ಪ್ರೋಗ್ರಾಮ್ 15 ನಿಮಿಷಕ್ಕೊಮ್ಮೆ ಒಟ್ಟು ಎಣಿಕೆಯನ್ನು ನಿಧಾನವಾಗಿ ಕಳಿಸಿದರಾಯಿತು. ಇಲ್ಲಿ ಕಾರ್ಯಾಚರಣ ವ್ಯವಸ್ಥೆಯೇ ಬೇಕಿಲ್ಲ!

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇದು 8 ಬಿಟ್ ಸಂಸ್ಕಾರಕ. ಎರಡು ಬೈಟಿನ ಸಂಖ್ಯೆಯನ್ನು ಅದು ಎರಡು ಹೆಜ್ಜೆಯಲ್ಲಿ ಓದುತ್ತದೆ. ಎಣಿಕೆ 255 ಇದ್ದಾಗ ಕೆಳಗಿನ ಬೈಟನ್ನು, ಅಂದರೆ 255ನ್ನು ಓದಿತೆನ್ನಿ. ಮೇಲಿನ ಬೈಟನ್ನು ಓದುವ ಮೊದಲೇ ಬೋಗುಣಿ ಮಗುಚಿ ಎಣಿಕೆ 256 ಆಯಿತು. ಈಗ ಮೇಲಿನ ಬೈಟಿನಲ್ಲಿ 1 ಇದೆ. ಎರಡನ್ನೂ ಸೇರಿಸಿದರೆ 511! ಓದುವ ಆ ಕ್ಷಣದಲ್ಲಿ ಇಂಟರಪ್ಟನ್ನು ತಡೆಹಿಡಿದರೆ ಈ ತಪ್ಪು ಆಗದು. ತಡೆಹಿಡಿದಾಗ ಬಂದ ಕರೆ ಕಳೆದುಹೋಗುವುದಿಲ್ಲ, ಕಾದಿದ್ದು ನಂತರ ಎಣಿಕೆಯಾಗುತ್ತದೆ. ಎರಡು ಕೆಲಸಗಳು ಒಂದೇ ವಸ್ತುವನ್ನು ಮುಟ್ಟುವಲ್ಲೆಲ್ಲ ಇಂಥ ಬೀಗ ಬೇಕು.

ನಿದ್ದೆಯ ಬೆಲೆ

ಇನ್ನು ಬ್ಯಾಟರಿಯ ಸಮಸ್ಯೆ. ನಿಯಂತ್ರಕ ಎಚ್ಚರವಾಗಿದ್ದಾಗ ಸುಮಾರು 10 ಮಿಲಿಆಂಪೇರ್ ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 2000 ಮಿಲಿಆಂಪೇರ್-ಗಂಟೆ ಸಾಮರ್ಥ್ಯದ ಬ್ಯಾಟರಿ 200 ಗಂಟೆ, ಅಂದರೆ ಎಂಟು ದಿನ ಬರುತ್ತದೆ. ನಮ್ಮ ಅನುಭವವೂ ಅದೇ. ಮೋಡೆಮ್ಮಿಗೆ ಬೇರೆ ಬ್ಯಾಟರಿ ಇದ್ದುದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಕೆಲಸವಿಲ್ಲದಾಗ ಚಿಪ್ಪನ್ನು ಗಾಢನಿದ್ದೆಗೆ ಕಳಿಸಿದರೆ ಅದಕ್ಕೆ 10 ಮೈಕ್ರೋಆಂಪೇರಿನಷ್ಟು ಸಾಕು. 15 ನಿಮಿಷಕ್ಕೊಮ್ಮೆ 15 ಸೆಕೆಂಡು ಎಚ್ಚರ ಎಂದರೆ ಅರವತ್ತರಲ್ಲಿ ಒಂದು ಪಾಲು. ಸರಾಸರಿ ವಿದ್ಯುತ್ 10/60 + 0.01, ಅಂದರೆ 0.177 ಮಿಲಿಆಂಪೇರ್. ಅದೇ ಬ್ಯಾಟರಿ ಈಗ ಸುಮಾರು 11,300 ಗಂಟೆ ಅಥವಾ 470 ದಿನ ಬಾಳಬೇಕು! ಇನ್ನೊಂದೆಡೆ, ಲಿನಕ್ಸ್ ಓಡಿಸುವ ಪುಟ್ಟ ಬೋರ್ಡು 100 ಮಿಲಿಆಂಪೇರ್ ಎಳೆದರೂ ಬ್ಯಾಟರಿ 20 ಗಂಟೆಗೆ ಖಾಲಿ.

ವ್ಯವಸ್ಥೆಗಳ ಮೆಟ್ಟಿಲುಗಳು

ಹಾಗಾದರೆ ಕಾರ್ಯಾಚರಣ ವ್ಯವಸ್ಥೆ ಯಾವಾಗ ಬೇಕು? ಮಳೆಯ ಜೊತೆಗೆ ಮಣ್ಣಿನ ತೇವ, ಗಾಳಿಯ ವೇಗವನ್ನೂ ಅಳೆಯಬೇಕು, ನೆರೆಯ ಮಾಪಕದ ರೇಡಿಯೋ ಸಂದೇಶವನ್ನು ಮುಂದಕ್ಕೆ ದಾಟಿಸಬೇಕು, ಮಾಹಿತಿಯನ್ನು ಗೂಢಲಿಪಿಗೆ ಇಳಿಸಬೇಕು ಎನ್ನಿ. ಆಗ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಹೆಣೆಯುವುದು ಕಷ್ಟ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಆಗ ಮೆಟ್ಟಿಲು ಹತ್ತಬೇಕಾಗುತ್ತದೆ.

ಮೊದಲ ಮೆಟ್ಟಿಲು ಘಟನೆಗಳಿಗೆ ಓಗೊಡುವ ವ್ಯವಸ್ಥೆಗಳದ್ದು. ಇಲ್ಲಿ ಪ್ರತಿ ಕೆಲಸವೂ ಚಿಕ್ಕದು, ಶುರುವಾದದ್ದು ತಾನಾಗಿ ಬಿಟ್ಟುಕೊಡುವವರೆಗೆ ಇನ್ನೊಂದು ಕೆಲಸಕ್ಕೆ ಸರದಿ ಇಲ್ಲ. ಮೇಷ್ಟ್ರು ಒಂದು ತರಗತಿಯ ಲೆಕ್ಕ ಮುಗಿಸಿ, ಹಲಗೆ ಒರೆಸಿ, ಇನ್ನೊಂದಕ್ಕೆ ಹೋದಂತೆ. ಹಾಗಾಗಿ ಎಲ್ಲಕ್ಕೂ ಒಂದೇ ಕಪ್ಪುಹಲಗೆ ಸಾಕು. ಅಮೆರಿಕದ ಬರ್ಕ್ಲಿಯಲ್ಲಿ ರೂಪುಗೊಂಡ ಟೈನಿಓಎಸ್ ಇಂಥದ್ದು. ಇದರ ತಿರುಳು ಕೇವಲ 400 ಬೈಟುಗಳಲ್ಲಿ ಹಿಡಿಸುತ್ತಿತ್ತು. 2002ರಲ್ಲಿ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಗೂಡುಬಿಲಗಳ ಹವೆಯನ್ನು ಅಳೆಯಲು 32 ಪುಟ್ಟ ಸಾಧನಗಳನ್ನು ಇಡಲಾಯಿತು. 4 ಕಿಲೋಬೈಟ್ ರ‍್ಯಾಮ್ ಇದ್ದ ಅವುಗಳಲ್ಲಿ ಓಡುತ್ತಿದ್ದುದು ಇದೇ ವ್ಯವಸ್ಥೆ. ಸ್ವೀಡನ್ನಿನ ಆಡಮ್ ಡಂಕೆಲ್ಸ್ ರಚಿಸಿದ ಕಾಂಟಿಕಿ ಇನ್ನೊಂದು ಉದಾಹರಣೆ. ಇದರಲ್ಲಿ ಎಳೆಯ ರೂಪದಲ್ಲಿ ಬರೆದ ಪ್ರತಿ ಕೆಲಸದ ಜಾಗವನ್ನು ನೆನಪಿಡಲು ಎರಡು ಬೈಟುಗಳಷ್ಟೇ ಸಾಕಾಗುತ್ತವೆ.

ಎರಡನೆಯ ಮೆಟ್ಟಿಲು ನೈಜಕಾಲಿಕ ವ್ಯವಸ್ಥೆಗಳದ್ದು. ಇಲ್ಲಿ ಪ್ರತಿ ಕೆಲಸಕ್ಕೂ ಒಂದು ಆದ್ಯತೆ ಇರುತ್ತದೆ. ಹೆಚ್ಚಿನ ಆದ್ಯತೆಯ ಕೆಲಸ ಬಂದರೆ ಕೆಳಗಿನದನ್ನು ಅರ್ಧಕ್ಕೇ ನಿಲ್ಲಿಸಲಾಗುತ್ತದೆ. ಅರ್ಧಕ್ಕೆ ಬಿಟ್ಟ ಲೆಕ್ಕ ಅಳಿಸಬಾರದಲ್ಲವೆ? ಹಾಗಾಗಿ ಪ್ರತಿ ತರಗತಿಗೂ ಬೇರೆ ಕಪ್ಪುಹಲಗೆ ಬೇಕು. ಇದನ್ನೇ ಸ್ಟ್ಯಾಕ್ ಎನ್ನುತ್ತಾರೆ. ನಾಲ್ಕು ಕೆಲಸಗಳಿಗೆ 256 ಬೈಟಿನಂತೆ ಸ್ಟ್ಯಾಕ್ ಕೊಟ್ಟರೆ ನಮ್ಮ ಚಿಪ್ಪಿನ ಅರ್ಧ ಸ್ಮೃತಿ ಅಲ್ಲಿಗೇ ಮುಗಿಯಿತು. ರಿಚರ್ಡ್ ಬ್ಯಾರಿ 2003ರಲ್ಲಿ ಹೊರತಂದ ಫ್ರೀಆರ್‌ಟಿಓಎಸ್ ಈ ಗುಂಪಿನಲ್ಲಿ ಹೆಸರಾದದ್ದು. ಅದರ ತಿರುಳು ಸಾಮಾನ್ಯವಾಗಿ 6ರಿಂದ 12 ಕಿಲೋಬೈಟ್ ಫ್ಲ್ಯಾಶನ್ನು ತೆಗೆದುಕೊಳ್ಳುತ್ತದೆ. ಯುರೋಪಿನ ರಯಟ್, 2016ರಲ್ಲಿ ಲಿನಕ್ಸ್ ಫೌಂಡೇಶನ್ ಆರಂಭಿಸಿದ ಜೆಫಿರ್ ಇದೇ ಮೆಟ್ಟಿಲಿನವು. ಇವುಗಳಲ್ಲಿ ಜಾಲಸಂಪರ್ಕಕ್ಕೆ ಬೇಕಾದ ಭಾಗಗಳೂ ಸಿದ್ಧವಾಗಿ ದೊರೆಯುತ್ತವೆ.

ಕೊನೆಯ ಮೆಟ್ಟಿಲು ಲಿನಕ್ಸ್. ಇದಕ್ಕೆ ಮೆಗಾಬೈಟುಗಳ ಲೆಕ್ಕದಲ್ಲಿ ಸ್ಮೃತಿ ಬೇಕು. ಕ್ಯಾಮೆರಾ, ದೊಡ್ಡ ದತ್ತಾಂಶ ಸಂಗ್ರಹ, ಪರದೆ ಇದ್ದು, ಗೋಡೆಯ ವಿದ್ಯುತ್ ಸಿಗುವಲ್ಲಿ ಇದು ಯೋಗ್ಯ ಆಯ್ಕೆ.

ಸಾಧನಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಲು ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2014ರಲ್ಲಿ ಮೂರು ವರ್ಗಗಳನ್ನು ಸೂಚಿಸಿತು. ಸುಮಾರು 10 ಕಿಲೋಬೈಟ್ ರ‍್ಯಾಮ್ ಮತ್ತು 100 ಕಿಲೋಬೈಟ್ ಫ್ಲ್ಯಾಶ್ ಇರುವುದು ಒಂದನೆಯ ವರ್ಗ. 50 ಮತ್ತು 250 ಕಿಲೋಬೈಟ್ ಇರುವುದು ಎರಡನೆಯ ವರ್ಗ. ಒಂದನೆಯದಕ್ಕಿಂತ ಬಹಳ ಕಿರಿದಾದುವೆಲ್ಲ ಸೊನ್ನೆಯ ವರ್ಗ. ನಮ್ಮ ಮಳೆಮಾಪಕ ಸೊನ್ನೆಯ ವರ್ಗದ್ದು.

ಮಂಗಳನಿಂದ ಬಂದ ಪಾಠ

ನೈಜಕಾಲಿಕ ವ್ಯವಸ್ಥೆಯನ್ನು ಹಾಕಿದರೆ ಎಲ್ಲ ಸಮಸ್ಯೆಯೂ ಮುಗಿಯಿತೆಂದು ತಿಳಿಯಬೇಡಿ. 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ನೈಜಕಾಲಿಕ ವ್ಯವಸ್ಥೆ ಇತ್ತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೆ ಮತ್ತೆ ಮತ್ತೆ ಮರುಪ್ರಾರಂಭವಾಗತೊಡಗಿತು.

ಕಾರಣವನ್ನು ಮತ್ತೆ ನಮ್ಮ ಶಾಲೆಗೇ ತಂದು ನೋಡೋಣ. ಏಳನೆಯ ತರಗತಿಗೆ ಮೊದಲ ಆದ್ಯತೆ, ನಾಲ್ಕಕ್ಕೆ ನಂತರ, ಒಂದಕ್ಕೆ ಕೊನೆ. ಶಾಲೆಯ ಏಕೈಕ ಭೂಪಟ ಒಂದನೆಯವರ ಕೈಯಲ್ಲಿದೆ. ಅವರ ಪಾಠ ಮುಗಿದರೆ ತಾನೇ ಏಳನೆಯವರಿಗೆ ಅದು ಸಿಗುವುದು? ಅಷ್ಟರಲ್ಲಿ ನಾಲ್ಕನೆಯವರು ಮೇಷ್ಟ್ರನ್ನು ಕರೆದರು. ಒಂದಕ್ಕಿಂತ ನಾಲ್ಕಕ್ಕೆ ಆದ್ಯತೆ ಹೆಚ್ಚು, ಮೇಷ್ಟ್ರು ಅಲ್ಲಿಗೆ ಹೋದರು. ಪರಿಣಾಮವಾಗಿ ಎಲ್ಲರಿಗಿಂತ ಮುಖ್ಯವಾದ ಏಳನೆಯ ತರಗತಿ ಸುಮ್ಮನೆ ಕಾಯುತ್ತ ಕೂತಿತು! ಇದನ್ನು ಆದ್ಯತೆಯ ತಲೆಕೆಳಗು ಎನ್ನಬಹುದು. ಪಾತ್‌ಫೈಂಡರಿನಲ್ಲಿ ಹವಾಮಾನ ದತ್ತಾಂಶ ಸಂಗ್ರಹಿಸುವ ಕೆಳ ಆದ್ಯತೆಯ ಕೆಲಸವು ಬೀಗವೊಂದನ್ನು ಹಿಡಿದುಕೊಂಡಿತ್ತು. ನಡುವಿನ ಆದ್ಯತೆಯ ಕೆಲಸಗಳು ಅದನ್ನು ತಡೆದವು. ಅತಿ ಮುಖ್ಯವಾದ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ಅದನ್ನು ಕಂಡ ಕಾವಲು ವ್ಯವಸ್ಥೆ ಕಂಪ್ಯೂಟರನ್ನು ಮರುಪ್ರಾರಂಭಿಸುತ್ತಿತ್ತು. ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ತಂತ್ರಜ್ಞರು ಭೂಮಿಯ ಮೇಲಿನ ಪ್ರತಿರೂಪದಲ್ಲಿ ದೋಷವನ್ನು ಮರುಕಳಿಸುವಂತೆ ಮಾಡಿ ಕಾರಣ ಕಂಡುಹಿಡಿದರು. ಭೂಪಟ ಹಿಡಿದಿರುವಷ್ಟು ಹೊತ್ತು ಒಂದನೆಯವರಿಗೆ ಏಳನೆಯವರ ಆದ್ಯತೆಯನ್ನೇ ಕೊಡಬೇಕು, ಇದೇ ಪರಿಹಾರ. ವ್ಯವಸ್ಥೆಯಲ್ಲಿ ಆ ಸೌಲಭ್ಯ ಮೊದಲೇ ಇತ್ತು, ಆದರೆ ಚಾಲೂ ಮಾಡಿರಲಿಲ್ಲ!

ಆರಿಸುವ ಮೊದಲು ಐದು ಪ್ರಶ್ನೆಗಳು

1. ಯಾವ ಕೆಲಸಕ್ಕೆ ಕಾಲದ ಖಾತರಿ ಬೇಕು? ಎಷ್ಟು ತಡವಾದರೆ ಅಳತೆ ತಪ್ಪುತ್ತದೆ? ಈ ಸಂಖ್ಯೆಯನ್ನು ಮೊದಲು ಕಾಗದದ ಮೇಲೆ ಬರೆಯಿರಿ.

2. ಒಟ್ಟಿಗೆ ನಡೆಯಬೇಕಾದ ಕೆಲಸಗಳೆಷ್ಟು? ಒಂದೆರಡಾದರೆ ಇಂಟರಪ್ಟ್ ಮತ್ತು ಸರಳ ಸುತ್ತು ಸಾಕು.

3. ಸ್ಮೃತಿಯ ಲೆಕ್ಕ ಹೊಂದುತ್ತದೆಯೇ? ತಿರುಳು, ಪ್ರತಿ ಕೆಲಸದ ಸ್ಟ್ಯಾಕ್, ಜಾಲಸಂಪರ್ಕದ ಭಾಗ ಎಲ್ಲವನ್ನೂ ಕೂಡಿಸಿ ನೋಡಿ.

4. ವ್ಯವಸ್ಥೆ ಚಿಪ್ಪಿಗೆ ನಿದ್ದೆ ಮಾಡಲು ಬಿಡುತ್ತದೆಯೇ? ಹಲವು ನೈಜಕಾಲಿಕ ವ್ಯವಸ್ಥೆಗಳು ಗಡಿಯಾರದ ಟಿಕ್‌ಗಾಗಿ ಸೆಕೆಂಡಿಗೆ ನೂರಾರು ಬಾರಿ ಎಚ್ಚರಗೊಳ್ಳುತ್ತವೆ. ಬ್ಯಾಟರಿ ಸಾಧನಕ್ಕಾದರೆ ಟಿಕ್ ನಿಲ್ಲಿಸುವ ಸೌಲಭ್ಯ ಇರಲೇಬೇಕು.

5. ಅದನ್ನು ನೋಡಿಕೊಳ್ಳುವವರಿದ್ದಾರೆಯೇ? ಟೈನಿಓಎಸ್‌ನ 2.1.2 ಆವೃತ್ತಿ ಬಂದದ್ದು 2012ರಲ್ಲಿ. ಅದರ ವಿಚಾರಗಳು ಇಂದಿಗೂ ಕಲಿಯಲು ಯೋಗ್ಯ, ಆದರೆ ಹೊಸ ಸಾಧನಕ್ಕೆ ಅದನ್ನು ಆರಿಸುವುದು ಸೂಕ್ತವಲ್ಲ. ಕಾಂಟಿಕಿ ಮಾತ್ರ 2017ರಲ್ಲಿ ಕಾಂಟಿಕಿ-ಎನ್‌ಜಿ ಎಂಬ ಹೊಸ ರೂಪ ಪಡೆಯಿತು.

ಸಾರಾಂಶ ಇಷ್ಟೆ: ಸಾಧನ ಯಾವ ಖಾತರಿ ಕೊಡಬೇಕೆಂದು ಮೊದಲು ತಿಳಿಯಿರಿ. ಆ ಖಾತರಿಯನ್ನು ಕೊಡಬಲ್ಲ ಅತಿ ಚಿಕ್ಕ ವ್ಯವಸ್ಥೆಯನ್ನು ಆರಿಸಿ.

ಉಪಾಧ್ಯಾಯರು ಇದನ್ನು ತರಗತಿಯಲ್ಲೇ ತೋರಿಸಬಹುದು. ಆರ್ಡುಯಿನೋ ಬೋರ್ಡಿಗೆ ಒಂದು ಗುಂಡಿ ಮತ್ತು ಒಂದು ಎಲ್‌ಇಡಿ ಜೋಡಿಸಿ. ಗುಂಡಿ ಒತ್ತಿದಾಗ ಎಣಿಸಿ, ಎರಡು ಸೆಕೆಂಡು ಎಲ್‌ಇಡಿ ಬೆಳಗಿಸಿ ಕಾಯುವ ಪ್ರೋಗ್ರಾಮ್ ಬರೆಯಿರಿ. ಒಬ್ಬ ವಿದ್ಯಾರ್ಥಿ ನಿಧಾನವಾಗಿ, ಇನ್ನೊಬ್ಬ ಬೇಗ ಬೇಗ ಇಪ್ಪತ್ತು ಸಲ ಒತ್ತಲಿ. ನಂತರ ಅದನ್ನೇ ಇಂಟರಪ್ಟ್ ಬಳಸಿ ಮಾಡಿ ಹೋಲಿಸಿ. ಗುಂಡಿಯ ಲೋಹದ ತುದಿಗಳು ಅದುರುವುದರಿಂದ ಒಂದು ಒತ್ತು ಹಲವು ಬಾರಿ ಎಣಿಕೆಯಾಗಬಹುದು. ಹಾಗಾಗಿ 50 ಮಿಲಿಸೆಕೆಂಡಿನೊಳಗೆ ಮತ್ತೆ ಬಂದ ಕರೆಯನ್ನು ಬಿಟ್ಟುಬಿಡಿ.

ನಮ್ಮ ಮಳೆಮಾಪಕ ಮರುವರ್ಷದ ಮಳೆಗಾಲಕ್ಕೆ ಅದೇ ಚಿಪ್ಪಿನೊಂದಿಗೆ, ಯಾವ ಕಾರ್ಯಾಚರಣ ವ್ಯವಸ್ಥೆಯೂ ಇಲ್ಲದೆ ತೋಟಕ್ಕೆ ಮರಳಿತು. ಬಿರುಮಳೆಯಲ್ಲೂ ಸಾದಾ ಮಾಪಕದ ಅಂಕಿಯ ಹತ್ತಿರಕ್ಕೆ ಬಂದಿತು. ಆದರೂ ಸ್ವಲ್ಪ ಕೊರತೆ ಉಳಿಯಿತು. ಬೋಗುಣಿ ಮಗುಚಲು ಅರ್ಧ ಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಬಿದ್ದ ನೀರಿನ ಒಂದು ಪಾಲು ಆಗಲೇ ತುಂಬಿದ ಬೋಗುಣಿಗೇ ಸೇರಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಇದೂ ಒಂದು ನಿಷ್ಕ್ರಿಯ ಕಾಲವೇ. ಆದರೆ ಇದನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ನೀಗಿಸದು, ಮಳೆಯ ದರಕ್ಕೆ ತಕ್ಕ ತಿದ್ದುಪಡಿ ಬೇಕು. ಆ ತಿದ್ದುಪಡಿಯ ಸೂತ್ರ ಹೇಗಿರಬೇಕು? ನೀವೇ ಒಮ್ಮೆ ಯೋಚಿಸಿ ನೋಡಿ.